ಕೆಂಪು ದಾರದ ಪೆನ್‌ಡ್ರೈವ್ ಮತ್ತು ಮೂರು ಥರದ ಕಂಪ್ಯೂಟರ್

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಮುಂದೆ ಕೌಂಟರ್, ಹಿಂದೆ ಪ್ರಿಂಟ್ ಕೋಣೆ. ನಡುವೆ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. 2022ರವರೆಗೂ ನಮ್ಮ ನೆಟ್‌ವರ್ಕ್ ಅಂದರೆ ಒಂದು 16 ಜಿಬಿ ಪೆನ್‌ಡ್ರೈವ್. ಕಳೆದುಹೋಗಬಾರದು ಅಂತ ಅದಕ್ಕೆ ಕೆಂಪು ದಾರ ಕಟ್ಟಿದ್ದೆವು. ಕೌಂಟರಿನಲ್ಲಿ ಡಿಸೈನ್ ಆದ ಮೇಲೆ ನಮ್ಮ ಹುಡುಗ ಅದನ್ನು ಹಿಡಿದುಕೊಂಡು ಹಿಂದಕ್ಕೆ ಓಡುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ, ಲಗ್ನದ ಸೀಸನ್ ಜೋರಾಗಿದ್ದಾಗ, 300 ಲಗ್ನಪತ್ರಿಕೆ ಛಾಪಿಸಿ ಕಟ್ಟಿಟ್ಟಿದ್ದೆ. ಸಂಜೆ ಒಯ್ಯಲು ಬಂದ ಹಿರಿಯರು ಒಂದು ಕಾರ್ಡ್ ತೆಗೆದು ಬೆಳಕಿಗೆ ಹಿಡಿದರು. "ಅಣ್ಣಾರ, ಅಕ್ಕಿಕಾಳು 12:31ಕ್ಕ ಅದರಿ. ನೀವು 10:30 ಹಾಕೀರಲ್ಲ!" ಅಕ್ಕಿಕಾಳು ಅಂದರೆ ಅಕ್ಷತೆ ಹಾಕುವ ಮುಹೂರ್ತ. ತಿದ್ದಿದ ಫೈಲ್ ಕೌಂಟರಿನ ಕಂಪ್ಯೂಟರಿನಲ್ಲೇ ಕೂತಿತ್ತು. ಪೆನ್‌ಡ್ರೈವ್‌ನಲ್ಲಿ ಹಿಂದಕ್ಕೆ ಹೋಗಿದ್ದು ಹಿಂದಿನ ದಿನದ್ದು. ತಪ್ಪು ನನ್ನದೇ. ರಾತ್ರಿಯೆಲ್ಲ ಕೂತು ಕೈಯಿಂದ ದುಡ್ಡು ಹಾಕಿ ಮತ್ತೆ ಛಾಪಿಸಿ ಕೊಟ್ಟೆ. ಒಂದು ಕೆಲಸಕ್ಕೆ ಒಂದೇ ಫೈಲ್ ಇರಬೇಕು, ಅದು ಒಂದೇ ಜಾಗದಲ್ಲಿ ಇರಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ತೊಂದರೆ ಏನಂದರೆ ನನ್ನ ಹತ್ತಿರ ಮೂರು ಕಂಪ್ಯೂಟರು, ಮೂರೂ ಬೇರೆ ಬೇರೆ ಜಾತಿಯವು. ಕೌಂಟರಿನಲ್ಲಿ ವಿಂಡೋಸ್ 10, ಅದರಲ್ಲಿ ಕನ್ನಡ ಬರೆಯುವ ನುಡಿ, ಡಿಸೈನ್ ಮಾಡುವ ಪೇಜ್‌ಮೇಕರ್, ಕೋರಲ್‌ಡ್ರಾ. ಹಿಂದಿನ ಕೋಣೆಯ ಹಳೇ ಮಷಿನ್ ವಿಂಡೋಸ್ ಹಾಕಿದರೆ ಏಳಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು ಅಂತ ನನ್ನ ಅಳಿಯ ಅದರ ಬದಲು ಉಬುಂಟು ಹಾಕಿಕೊಟ್ಟಿದ್ದ. ಅದು ಲಿನಕ್ಸಿನ ಒಂದು ಬಗೆ. ಮೂರನೆಯದು ನನ್ನ ತಂಗಿಯ ಮ್ಯಾಕ್‌ಬುಕ್. ಅವಳು ಮನೆಯಿಂದ ಪೋಸ್ಟರ್ ಡಿಸೈನ್ ಮಾಡುತ್ತಾಳೆ, ವಾರಕ್ಕೆ ಎರಡು ದಿನ ಅಂಗಡಿಗೆ ಬರುತ್ತಾಳೆ.

ಮೊದಲು ವೈಫೈ ನೋಡಿದೆ. ಆ ಕಲ್ಲಿನ ಗೋಡೆ ದಾಟುವ ಹೊತ್ತಿಗೆ ಸಿಗ್ನಲ್ ಸತ್ತೇ ಹೋಗುತ್ತಿತ್ತು. ಹಳೇ ಕಟ್ಟಡದಲ್ಲಿ ಅಂಗಡಿ ಇಟ್ಟವರಿಗೆ ಇದು ಗೊತ್ತು. ಬೇಸಿಗೆಗೆ ಗೋಡೆ ತಂಪು, ವೈಫೈಗೆ ಶತ್ರು. ಸುಮ್ನೆ 15 ಮೀಟರ್ ಕ್ಯಾಟ್ 6 ಕೇಬಲ್, ಕಂಪ್ಯೂಟರಿನ ಕೇಬಲ್ಲುಗಳನ್ನು ಕೂಡಿಸುವ ಐದು ಪೋರ್ಟಿನ ಒಂದು ಗಿಗಾಬಿಟ್ ಸ್ವಿಚ್ ತಂದೆ. ತುದಿಗೆ ಕನೆಕ್ಟರ್ ನಾನೇ ಒತ್ತಿ ಕೂರಿಸಿದೆ, ಅಂದರೆ ಕ್ರಿಂಪ್ ಮಾಡಿದೆ.

ಎಲ್ಲಾ ಜೋಡಿಸಿದ ಮೇಲೆ 1 ಜಿಬಿ ಫೈಲ್ ಹಾಕಿ ನೋಡಿದರೆ ಒಂದೂವರೆ ನಿಮಿಷ. ಸೆಕೆಂಡಿಗೆ 11 ಎಂಬಿ ಮೇಲೆ ಏರುತ್ತಲೇ ಇಲ್ಲ. 11 ಅನ್ನೋ ಅಂಕಿ ಕಂಡರೆ ಗಿಗಾಬಿಟ್ ಅಂದುಕೊಂಡ ಲೈನು 100 ಮೆಗಾಬಿಟ್‌ನಲ್ಲಿ ಓಡುತ್ತಿದೆ ಅಂತ ಅರ್ಥ. ಕೇಬಲ್ಲಿನಲ್ಲಿ ನಾಲ್ಕು ಜೋಡಿ ತಂತಿ ಇರುತ್ತವೆ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಕನೆಕ್ಟರನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಸಾಲು ಸರಿಯಾಗೇ ಇತ್ತು. ಆದರೆ ಕೊನೆಯ ಕಂದು ತಂತಿ ತುದಿ ಮುಟ್ಟದೆ ಎರಡು ಮಿಲಿಮೀಟರ್ ಹಿಂದೆ ನಿಂತಿತ್ತು. ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದೆ. ಅದೇ ಫೈಲ್ ಹತ್ತು ಸೆಕೆಂಡಿಗೆ ಹೋಯಿತು. ಕಾಪಿ ನಿಧಾನ ಅಂತ ಸಾಫ್ಟ್‌ವೇರಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಕೇಬಲ್ ತುದಿ ನೋಡಿ, ಆಯ್ತಾ?

ಇನ್ನು ಫೈಲ್ ಇಡುವ ಜಾಗ. ಉಬುಂಟು ಮಷಿನ್ ದಿನವಿಡೀ ಚಾಲೂ ಇರುತ್ತೆ, ಅದಕ್ಕೇ ಆ ಕೆಲಸ ವಹಿಸಿದೆ. ವಿಂಡೋಸ್ ಕಂಪ್ಯೂಟರುಗಳು ತಮ್ಮೊಳಗೆ ಫೋಲ್ಡರ್ ಹಂಚಿಕೊಳ್ಳಲು ಆಡುವ ಭಾಷೆಗೆ ಎಸ್‌ಎಂಬಿ ಅಂತ ಹೆಸರು. ಲಿನಕ್ಸಿಗೆ ಆ ಭಾಷೆ ಕಲಿಸಿದ್ದು ಸಾಂಬಾ ಅನ್ನೋ ಸಾಫ್ಟ್‌ವೇರ್. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಇದನ್ನು ಶುರು ಮಾಡಿದರು. ತಂತಿಯಲ್ಲಿ ಹೋಗಿಬರುವ ಮಾತುಗಳನ್ನು ಕದ್ದು ಕೇಳಿದ ಹಾಗೆ ನೋಡಿ ನೋಡಿಯೇ ಅದನ್ನು ಬಿಡಿಸಿದರಂತೆ. ಹೆಸರಿಗಾಗಿ ನಿಘಂಟಿನಲ್ಲಿ ಎಸ್, ಎಂ, ಬಿ ಈ ಮೂರೂ ಅಕ್ಷರ ಸಾಲಾಗಿ ಬರುವ ಪದ ಹುಡುಕಿದಾಗ ಸಿಕ್ಕಿದ್ದು ಸಾಂಬಾ. ಮ್ಯಾಕ್ ಕೂಡ 2013ರ ಮ್ಯಾವೆರಿಕ್ಸ್ ಆವೃತ್ತಿಯಿಂದ ಎಸ್‌ಎಂಬಿಯನ್ನೇ ಮುಂದೆ ಮಾಡಿದೆ. ಅಂದರೆ ಮೂವರಿಗೂ ಬರುವ ಭಾಷೆ ಒಂದು ಮೊದಲೇ ಇತ್ತು.

ಸಾಂಬಾ ಹಾಕಲು ಐದು ನಿಮಿಷ ಸಾಕಾಯಿತು. ಒಳಗೆ ಹೋಗಲು ಒಂದು ಸಂಜೆ ಪೂರ್ತಿ ಬೇಕಾಯಿತು. ವಿಂಡೋಸ್‌ನಿಂದ ಯೂಸರ್ ಹೆಸರು, ಪಾಸ್‌ವರ್ಡ್ ಕೊಡುತ್ತೇನೆ, ತಪ್ಪು ಅನ್ನುತ್ತೆ. ಮತ್ತೆ ಕೊಡುತ್ತೇನೆ, ಮತ್ತೆ ತಪ್ಪು. ಅದೇ ಪಾಸ್‌ವರ್ಡ್‌ನಿಂದ ಉಬುಂಟುಗೆ ನೇರ ಲಾಗಿನ್ ಆಗುತ್ತೆ! ಕೊನೆಗೆ ಅಳಿಯನಿಗೆ ಫೋನ್ ಮಾಡಿದೆ. ನಕ್ಕ. "ಮಾಮಾ, ಸಾಂಬಾದ್ದು ಪಾಸ್‌ವರ್ಡ್ ಬ್ಯಾರೆನೇ ಇರ್ತದ. ಅದನ್ನ ಇಟ್ಟೀರೇನು?" ಇಟ್ಟಿರಲಿಲ್ಲ. ಲಿನಕ್ಸಿನ ಯೂಸರ್ ಇದ್ದರಷ್ಟೇ ಸಾಲದು, ಅದೇ ಹೆಸರಿಗೆ ಸಾಂಬಾದಲ್ಲಿ ಇನ್ನೊಂದು ಪಾಸ್‌ವರ್ಡ್ ಕೊಡಬೇಕು. ಎಸ್‌ಎಂಬಿ‌ಪಾಸ್‌ವರ್ಡ್ (smbpasswd) ಅನ್ನೋ ಕಮಾಂಡ್ ಇರೋದೇ ಅದಕ್ಕೆ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಜನ ಸಾಂಬಾ ಸರಿಯಿಲ್ಲ ಅಂತ ಕೈ ಬಿಟ್ಟಿರಬೇಕೋ.

ಅದೇ ಸಂಜೆ ಇನ್ನೊಂದು ಕಾಟ. ಪಾಸ್‌ವರ್ಡ್ ಸರಿ ಮಾಡಿದ ಮೇಲೂ ವಿಂಡೋಸ್ ಒಳಗೆ ಬಿಡಲಿಲ್ಲ. ಒಂದೇ ಸರ್ವರ್‌ಗೆ ಏಕಕಾಲಕ್ಕೆ ಎರಡು ಯೂಸರ್ ಹೆಸರಿನಲ್ಲಿ ಹೋಗಲು ಅದು ಒಪ್ಪುವುದಿಲ್ಲ. ಮೊದಲು ಬೇರೆ ಹೆಸರಿನಲ್ಲಿ ಮಾಡಿದ ಕನೆಕ್ಷನ್ ಒಳಗೆ ಹಾಗೇ ಉಳಿದಿತ್ತು. ಹಳೇ ಕನೆಕ್ಷನ್ ಅಳಿಸಿ, ಒಮ್ಮೆ ಲಾಗ್ಆಫ್ ಆಗಿ ಬಂದ ಮೇಲೆ ಬಾಗಿಲು ತೆರೆಯಿತು. ನೆಟ್‌ವರ್ಕ್ ಪಟ್ಟಿಯಲ್ಲಿ ಉಬುಂಟು ಹೆಸರು ಆಗಲೂ ಕಾಣುತ್ತಿರಲಿಲ್ಲ. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ರೂಟರಿನಲ್ಲಿ ಆ ಮಷಿನ್‌ಗೆ 192.168.1.20 ಅಂತ ಅಡ್ರೆಸ್ ಕಾಯಂ ಮಾಡಿದೆ. ವಿಂಡೋಸ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಆ ಅಂಕಿ ಬರೆದು, ಸಿಕ್ಕ ಫೋಲ್ಡರನ್ನು ಡ್ರೈವ್ ಮಾಡಿಕೊಂಡೆ. ಮ್ಯಾಕ್‌ನಲ್ಲಿ ಫೈಂಡರ್ ತೆರೆದು ಕಮಾಂಡ್ ಮತ್ತು ಕೆ ಒತ್ತಿ ಅದೇ ಅಂಕಿ ಕೊಟ್ಟರೆ ಆಯಿತು. ಮನೆ ನಂಬರ್ ಗೊತ್ತಿದ್ದರೆ ಹೆಸರಿನ ಬೋರ್ಡ್ ಇಲ್ಲದಿದ್ದರೂ ನಡೆಯುತ್ತೆ, ಅಲ್ವಾ?

ಆದರೆ ತಂಗಿ ಇಟ್ಟ ಫೈಲನ್ನು ನಮ್ಮ ಹುಡುಗನಿಗೆ ತಿದ್ದಲು ಆಗುತ್ತಿರಲಿಲ್ಲ. ಯಾರು ಇಟ್ಟರೋ ಅವರಿಗೆ ಮಾತ್ರ ತಿದ್ದುವ ಹಕ್ಕು, ಉಳಿದವರಿಗೆ ನೋಡುವ ಹಕ್ಕು. ಎಲ್ಲರನ್ನೂ ಒಂದು ಗುಂಪಿಗೆ ಸೇರಿಸಿ, ಹೊಸ ಫೈಲ್ ಯಾವುದೇ ಬಂದರೂ ಆ ಗುಂಪಿನದೇ ಆಗಲಿ, ಗುಂಪಿಗೆ ಬರೆಯುವ ಹಕ್ಕು ಇರಲಿ ಅಂತ ಸಾಂಬಾ ಸೆಟ್ಟಿಂಗ್‌ನಲ್ಲಿ ಮೂರು ಸಾಲು ಸೇರಿಸಿದೆ. ಎಲ್ಲದಕ್ಕೂ 777, ಅಂದರೆ ಯಾರಿಗಾದರೂ ಎಲ್ಲಾ ಹಕ್ಕು, ಕೊಟ್ಟುಬಿಡಿ ಅಂತ ಹೇಳುವವರು ಸಿಗುತ್ತಾರೆ. ಅದು ಅಂಗಡಿಯ ಕೀಲಿಯನ್ನು ಬಾಗಿಲಿಗೇ ನೇತು ಹಾಕಿ ಮನೆಗೆ ಹೋದ ಹಾಗೆ.

ಫೈಲಿನ ಹೆಸರುಗಳ ಕಥೆ ಇದಕ್ಕಿಂತ ದೊಡ್ಡದು. ಒಂದು ದಿನ ಕೌಂಟರಿನಲ್ಲಿ ಫೋಲ್ಡರ್ ತೆರೆದರೆ ಒಂದು ಪಿಡಿಎಫ್‌ಗೆ ಅರ್ಥವಿಲ್ಲದ ಆರೆಂಟು ಇಂಗ್ಲಿಷ್ ಅಕ್ಷರದ ಹೆಸರು. ವೈರಸ್ ಹೊಕ್ಕಿತು ಅಂತ ಎದೆ ಧಸಕ್ ಅಂದಿತು. ಹಿಂದಿನ ಕೋಣೆಗೆ ಹೋಗಿ ನೋಡಿದರೆ ಅಲ್ಲಿ ಹೆಸರು ಚೆನ್ನಾಗೇ ಇದೆ: "ಅಕ್ಕಿಕಾಳು 12:31". ಹಳೇ ಪೆಟ್ಟು ನೆನಪಿಟ್ಟುಕೊಂಡು ಹುಡುಗ ಹೊತ್ತನ್ನು ಹೆಸರಿನಲ್ಲೇ ಬರೆದಿದ್ದ. ಪಾಪ, ಒಳ್ಳೇ ಬುದ್ಧಿಯಿಂದಲೇ. ಲಿನಕ್ಸಿಗೆ ನಡುವಿನ ಆ ಎರಡು ಚುಕ್ಕೆ ಅಡ್ಡಿಯಿಲ್ಲ, ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಅದು ನಿಷಿದ್ಧ. ಪ್ರಶ್ನೆ ಗುರುತು, ನಕ್ಷತ್ರ, ಉದ್ಧರಣ ಚಿಹ್ನೆಗಳೂ ಅಷ್ಟೇ. ಅಂಥ ಹೆಸರು ಸಿಕ್ಕಾಗ ಸಾಂಬಾ ತಾನೇ ಒಂದು ಚಿಕ್ಕ ಹೆಸರು ಹುಟ್ಟಿಸಿ ವಿಂಡೋಸ್‌ಗೆ ತೋರಿಸುತ್ತೆ. ಈಗ ನಮ್ಮಲ್ಲಿ ಹೊತ್ತು ಬರೆಯುವುದಿದ್ದರೆ 12-31.

ಇನ್ನೊಂದು ಪೇಚು ನಮ್ಮ ಕನ್ನಡದ್ದೇ. ತಂಗಿಯದು 2012ರ ಮ್ಯಾಕ್‌ಬುಕ್, ಅದರ ಡಿಸ್ಕ್ ಫೈಲ್ ಇಡುವ ಪದ್ಧತಿ ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್. ಅವಳು ಅದರಲ್ಲಿ ಜಿಪ್ ಮಾಡಿ ತಂದ ಫೈಲುಗಳನ್ನು ಉಬುಂಟುನಲ್ಲಿ ಬಿಚ್ಚಿದೆ. ಫೋಲ್ಡರಿನಲ್ಲಿ "ಬೀದರ್ ಪೋಸ್ಟರ್" ಅನ್ನೋ ಫೈಲ್ ಎರಡು! ಅಕ್ಷರ ಅಕ್ಷರ ಹೋಲಿಸಿ ನೋಡಿದೆ, ಒಂದೇ ಥರ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರೋದು ಹೇಗೆ ಸಾಧ್ಯ?

ಸಾಧ್ಯ. ಶಾಲೆಯಲ್ಲಿ ಕಾಗುಣಿತ ಹೇಳುವಾಗ ಬಗೆ ಗುಡಿಸು ಕೊಟ್ಟರೆ ಬಿ, ಗುಡಿಸಿನ ದೀರ್ಘ ಕೊಟ್ಟರೆ ಬೀ ಅಂತಿದ್ದೆವಲ್ಲ, ಹಾಗೆ. ಎಲ್ಲಾ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ "ಬೀ" ಬರೆಯಲು ಎರಡು ದಾರಿ ಇವೆ. ಗುಡಿಸಿನ ದೀರ್ಘಕ್ಕೆ ಒಂದೇ ಸಂಕೇತ ಬಳಸಬಹುದು, ಇಲ್ಲ ಗುಡಿಸು ಒಂದು, ದೀರ್ಘ ಇನ್ನೊಂದು ಅಂತ ಬಿಡಿಸಿ ಬರೆಯಬಹುದು. "ಪೋ" ಅಂತೂ ಪೂರ್ತಿ ಬಿಡಿಸಿದರೆ ಪಕಾರದ ಹಿಂದೆ ಮೂರು ತುಂಡು. ನಾವು ಕೀಬೋರ್ಡಿನಲ್ಲಿ ಬರೆದದ್ದು ಕೂಡಿಸಿದ ರೂಪ. ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿ ಇಡುತ್ತೆ, ಜಿಪ್‌ನಲ್ಲೂ ಹಾಗೇ ಬರುತ್ತೆ. ಕಣ್ಣಿಗೆ ಒಂದೇ, ಲಿನಕ್ಸಿಗೆ ಎರಡು. ಕನ್ವ್‌ಎಂವಿ ಅನ್ನೋ ಚಿಕ್ಕ ಪ್ರೋಗ್ರಾಮ್ ಇಡೀ ಫೋಲ್ಡರಿನ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತಂದುಕೊಟ್ಟಿತು. ಇದೊಂದನ್ನು ಪತ್ತೆ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ನುಡಿ ಫೈಲುಗಳದ್ದು ಬೇರೆ ರಗಳೆ. ಹಳೇ ನುಡಿ ಫಾಂಟಿನಲ್ಲಿ ಬರೆದ ಪತ್ರ ಉಬುಂಟುನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫೈಲ್ ಕೆಟ್ಟಿಲ್ಲ, ಒಳಗಿರೋದು ಯೂನಿಕೋಡ್ ಅಲ್ಲ ಅಷ್ಟೇ. ಕೌಂಟರಿನ ಮಷಿನ್‌ನಿಂದ ಆ ಫಾಂಟುಗಳನ್ನು ತಂದು ಉಬುಂಟುನಲ್ಲಿ ಇನ್‌ಸ್ಟಾಲ್ ಮಾಡಿದ ಮೇಲೆ ಓದಲು ಬಂತು. ಆದರೂ ಛಾಪಿಸಲು ಕಳಿಸೋದು ಪಿಡಿಎಫ್ ಮಾತ್ರ ಅಂತ ಕಟ್ಟುನಿಟ್ಟು ಮಾಡಿದ್ದೇನೆ.

ಮ್ಯಾಕ್ ಪ್ರತಿ ಫೋಲ್ಡರಿನಲ್ಲೂ ಚುಕ್ಕೆಯಿಂದ ಶುರುವಾಗುವ ತನ್ನ ಸಣ್ಣ ಸಣ್ಣ ಫೈಲುಗಳನ್ನು ಬಿಟ್ಟು ಹೋಗುತ್ತಿತ್ತು. ವಿಂಡೋಸ್‌ನಲ್ಲಿ ಅವು ಕಸದ ಹಾಗೆ ಕಾಣುತ್ತಿದ್ದವು. ಸಾಂಬಾದಲ್ಲಿ ಫ್ರೂಟ್ ಅನ್ನೋ ಮಾಡ್ಯೂಲ್ ಚಾಲೂ ಮಾಡಿದ ಮೇಲೆ ಬಹಳಷ್ಟು ಕಡಿಮೆಯಾಯಿತು. ಆಪಲ್‌ಗಾಗಿ ಮಾಡಿದ್ದಕ್ಕೆ ಹಣ್ಣು ಅಂತ ಹೆಸರಿಟ್ಟವರ ತಮಾಷೆ ನನಗೆ ಇಷ್ಟವಾಯಿತು.

ಎರಡೂವರೆ ವರ್ಷ ಆರಾಮಾಗಿ ನಡೆಯಿತು. ಕಳೆದ ವರ್ಷ ವಿಂಡೋಸ್ 11 ಪ್ರೊ ಇರುವ ಹೊಸ ಲ್ಯಾಪ್‌ಟಾಪ್ ತಂದೆ. ಅದರಲ್ಲಿ ಉಬುಂಟು ಮಷಿನ್‌ನ ಸ್ಕ್ಯಾನ್ ಫೋಲ್ಡರ್ ತೆರೆಯಲೇ ಇಲ್ಲ. ಆ ಒಂದು ಫೋಲ್ಡರಿಗೆ ಮಾತ್ರ ಪಾಸ್‌ವರ್ಡ್ ಬೇಡ, ಗೆಸ್ಟ್ ಆಗಿ ಯಾರಾದರೂ ಬರಲಿ ಅಂತ ನಾನು ಬಿಟ್ಟಿದ್ದೆ. 24ಎಚ್2 ಅಪ್‌ಡೇಟಿನಿಂದ ವಿಂಡೋಸ್ ಪ್ರೊ ಎಸ್‌ಎಂಬಿಯ ಪ್ರತಿ ಮಾತಿಗೂ ಡಿಜಿಟಲ್ ಸಹಿ ಕೇಳುತ್ತೆ. ಪಾಸ್‌ವರ್ಡೇ ಇಲ್ಲದ ಗೆಸ್ಟ್ ಯಾವ ಆಧಾರದ ಮೇಲೆ ಸಹಿ ಹಾಕಬೇಕು? ರಿಜಿಸ್ಟ್ರಿ ತಿದ್ದಿ ಆ ಕಾವಲು ತೆಗೆಯಬಹುದಿತ್ತು. ತೆಗೆಯಲಿಲ್ಲ. ಅದರ ಬದಲು ಆ ಫೋಲ್ಡರಿಗೂ ಯೂಸರ್, ಪಾಸ್‌ವರ್ಡ್ ಇಟ್ಟೆ. ಹತ್ತು ನಿಮಿಷದ ಕೆಲಸ. ಮೊದಲೇ ಮಾಡಬೇಕಿತ್ತು.

ಗೆಸ್ಟ್ ಬಿಟ್ಟಿದ್ದೇ ಹಳೇ ಕಾಪಿ ಮಷಿನ್‌ಗಾಗಿ. ಅದಕ್ಕೆ ಸ್ಕ್ಯಾನ್ ಮಾಡಿ ಫೋಲ್ಡರಿಗೆ ಕಳಿಸಲು ಬರುತ್ತೆ, ಆದರೆ ಗೊತ್ತಿರೋದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಕಂಗಾಲು ಮಾಡಿದ ವಾನಾಕ್ರೈ ಅನ್ನೋ ಸುಲಿಗೆ ವೈರಸ್ ಹರಡಿದ್ದು ಅದೇ ಹಳೇ ಆವೃತ್ತಿಯ ತೂತಿನಿಂದ. ಒಂದು ಸ್ಕ್ಯಾನರಿಗಾಗಿ ಸಾಂಬಾದಲ್ಲಿ ಆ ಬಾಗಿಲು ತೆಗೆದಿಟ್ಟಿದ್ದೆ ಅನ್ನೋದು ಈಗ ನೆನೆದರೆ ಮೈ ಜುಮ್ ಅನ್ನುತ್ತೆ. ಅದನ್ನು ಮುಚ್ಚಿ, ಕಾಪಿ ಮಷಿನ್ ಎಫ್‌ಟಿಪಿ ಅನ್ನೋ ಫೈಲ್ ಕಳಿಸುವ ಇನ್ನೊಂದು ದಾರಿಯಿಂದ ಒಂದೇ ಒಂದು ಫೋಲ್ಡರಿಗೆ ಹಾಕುವ ಹಾಗೆ ಮಾಡಿದ್ದೇನೆ, ಅದೂ ಅಂಗಡಿಯ ಒಳಗಿನ ಲೈನಿನಲ್ಲಿ ಮಾತ್ರ. ಗಿರಾಕಿಗಳ ಮೊಬೈಲಿಗೆ ಬೇರೆ ವೈಫೈ.

ಎಲ್ಲಾ ಒಂದೇ ಡಿಸ್ಕಿನಲ್ಲಿ ಅಂದರೆ ಅದು ಹೋದರೆ ಎಲ್ಲವೂ ಹೋಯಿತು. ನಮ್ಮಲ್ಲಿ ಮೇ ತಿಂಗಳಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳಲು ಬರಲ್ಲ. ಉಬುಂಟು ಮಷಿನ್‌ಗೆ ಯುಪಿಎಸ್ ಹಾಕಿದೆ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಆರ್‌ಸಿಂಕ್ ಅನ್ನೋ ಪ್ರೋಗ್ರಾಮ್ ಆ ದಿನ ಬದಲಾದದ್ದನ್ನಷ್ಟೇ ಹೊರಗಿನ ಡಿಸ್ಕಿಗೆ ಹಾಕುತ್ತೆ. ಆ ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್. ಎನ್‌ಟಿಎಫ್‌ಎಸ್ ಇಟ್ಟರೆ ಮ್ಯಾಕ್ ಓದುತ್ತೆ, ಬರೆಯಲ್ಲ. ಫ್ಯಾಟ್32 ಇಟ್ಟರೆ 4 ಜಿಬಿ ದಾಟಿದ ಫೈಲ್ ಹಿಡಿಸಲ್ಲ. ಡಿಸ್ಕ್ ನನ್ನ ಜೊತೆ ಮನೆಗೆ ಬರುತ್ತೆ. ಕೆಂಪು ದಾರ ಈಗ ಅದಕ್ಕೆ ಕಟ್ಟಿದೆ.