ಸಾಫ್ಟ್‌ವುಡ್ ಹಲಗೆ ಎಷ್ಟು ಭಾರ ಬರುತ್ತೆ ಅಂತ ಎತ್ತೋಕ್ ಮುಂಚೆನೇ ಲೆಕ್ಕ ಹಾಕೋದು

ಸಾಫ್ಟ್‌ವುಡ್ ಅಂದ ತಕ್ಷಣ ಹಗುರ ಅಂತ ಅಂದ್ಕೊಂಡು ಗಾಡಿಗೆ ತುಂಬಬೇಡಿ. ಪೈನ್, ಸ್ಪ್ರೂಸ್, ಸೀಡರ್ ತರ ಸೂಜಿ ಎಲೆ ಮರಗಳಿಗೆ ಆ ಹೆಸರು ಅಷ್ಟೇ, ತೂಕಕ್ಕೂ ಹೆಸರಿಗೂ ಸಂಬಂಧ ಇಲ್ಲ (ಎತ್ತಿದ್ರೆ ಗಾಳಿ ತರ ಇರೋ ಬಾಲ್ಸಾ ಮರ ಹಾರ್ಡ್‌ವುಡ್ ಲೆಕ್ಕಕ್ಕೆ ಬರುತ್ತೆ ನೋಡಿ).

ಲೆಕ್ಕ ಸುಲಭ, ಉದ್ದ ಅಗಲ ದಪ್ಪ ಮೂರನ್ನೂ ಮೀಟರಲ್ಲಿ ಗುಣಿಸಿ, ಬಂದಿದ್ದನ್ನ ಆ ಮರದ ಸಾಂದ್ರತೆಯಿಂದ (ಒಂದು ಘನ ಮೀಟರ್ ಮರ ಎಷ್ಟು ಕೆಜಿ ತೂಗುತ್ತೆ ಅನ್ನೋದು) ಗುಣಿಸಿದ್ರೆ ಕೆಜಿ ಬರುತ್ತೆ. ಆದ್ರೆ ಅಳತೆನ ಟೇಪ್ ಹಿಡಿದೇ ತಗೊಳಿ, ಬಿಲ್ಲಲ್ಲಿರೋ ಸೈಜ್ ನಂಬಬೇಡಿ. ಅಮೆರಿಕದ ಸೈಜಲ್ಲಿ 2 ಇಂಚು 4 ಇಂಚು ಅಂತ ಕರೆಯೋ ಪೀಸು ನಿಜವಾಗ್ಲೂ ಇರೋದು 38 ಎಂಎಂ, 89 ಎಂಎಂ. 2.44 ಮೀಟರ್ ಉದ್ದದ ಒಣ ಸ್ಪ್ರೂಸ್ ಪೀಸು, ಸಾಂದ್ರತೆ 450 ಅಂತ ಹಿಡಿದ್ರೆ, ಸುಮಾರು 3.7 ಕೆಜಿ. ಹೆಸರಲ್ಲಿರೋ ಇಂಚನ್ನೇ ನಂಬಿ ಹಾಕಿದ್ರೆ 5.7 ಕೆಜಿ ಬರುತ್ತೆ, 100 ಪೀಸಿಗೆ 200 ಕೆಜಿ ತಪ್ಪು!

ಒಣಗಿದ ಮರಕ್ಕೆ, ಅಂದ್ರೆ ತೇವ 12% ಹತ್ರ ಇದ್ದಾಗ, ಒಂದು ಘನ ಮೀಟರಿಗೆ ವೆಸ್ಟರ್ನ್ ರೆಡ್ ಸೀಡರ್ 370ರ ಆಸುಪಾಸು, ಸ್ಪ್ರೂಸ್ 450, ಸ್ಕಾಟ್ಸ್ ಪೈನ್ 510, ಡಗ್ಲಸ್ ಫರ್ 530 ಕೆಜಿ ಅಂತ ಇಟ್ಕೊಳಿ. ಲಾಂಗ್‌ಲೀಫ್ ಪೈನ್ ಆದ್ರೆ 650 ತನಕ ಹೋಗುತ್ತೆ.

ಈಗ ಎಲ್ಲರೂ ಎಡವೋ ಜಾಗ, ತೇವ. ಮರದ ತೇವನ ಲೆಕ್ಕ ಹಾಕೋದು ಪೂರ್ತಿ ಒಣಗಿದ ಮರದ ತೂಕದ ಮೇಲೆ, ಹಾಗಾಗಿ 100% ತೇವ ಅಂದ್ರೆ ಮರದಷ್ಟೇ ತೂಕದ ನೀರು ಒಳಗಿದೆ ಅಂತ, ಈಗ ತಾನೇ ಕೊಯ್ದ ಮರದ ಹೊರಭಾಗದ ಬಿಳಿ ಮರದಲ್ಲಿ ಅದಕ್ಕಿಂತ ಜಾಸ್ತಿನೂ ಇರುತ್ತೆ, ಒಳಗಿನ ಚೇಗಿನಲ್ಲಿ ತುಂಬಾ ಕಮ್ಮಿ. ಅದಕ್ಕೇ ಒಂದೇ ದಿಮ್ಮಿಯಿಂದ ಕೊಯ್ದ ಎರಡು ಹಲಗೆ ಕೈಗೆ ಬೇರೆ ಬೇರೆ ಭಾರ ಅನ್ಸುತ್ತೆ. ಮೇಲಿನ 3.7 ಕೆಜಿ ಪೀಸನ್ನೇ ತಗೊಂಡ್ರೆ, ಅದ್ರಲ್ಲಿ 12% ತೇವ ಇರೋದ್ರಿಂದ 1.12ರಿಂದ ಭಾಗಿಸಿ, ಬರೀ ಮರ 3.3 ಕೆಜಿ. ಅದೇ ಪೀಸಲ್ಲಿ 60% ತೇವ ಇದ್ರೆ 1.6ರಿಂದ ಗುಣಿಸಿ, 5.3 ಕೆಜಿ ಆಯ್ತು. ಜಾತಿ ಯಾವ್ದು ಅಂತ ತಲೆಕೆಡಿಸ್ಕೊಳೋಕಿಂತ ಹಸಿನಾ ಒಣಗಿದ್ದಾ ಅಂತ ಮೊದ್ಲು ನೋಡಿ ಅಂತ ನಾನು ಹೇಳೋದು ಇದಕ್ಕೇ.

ಜಾತಿನೂ ಗೊತ್ತಿಲ್ಲ ತೇವನೂ ಗೊತ್ತಿಲ್ಲ ಅಂದ್ರೆ, ರಾಶಿ ಮೇಲಿಂದ ಒಂದು, ನಡುವಿಂದ ಒಂದು, ತಳದಿಂದ ಒಂದು ಎಳೆದು ತೂಗಿ, ಸರಾಸರಿ ತೆಗೆದು ಒಟ್ಟು ಪೀಸಿಗೆ ಗುಣಿಸಿ. ಬರೀ ಮೇಲಿಂದ ತಗೋಬೇಡಿ, ಅದು ಬೇಗ ಒಣಗಿರುತ್ತೆ. ದೊಡ್ಡ ತಕ್ಕಡಿ ಬೇಕಿಲ್ಲ, ಮನುಷ್ಯರನ್ನ ತೂಗೋ ಮೆಷಿನ್ ಮೇಲೆ ಹಲಗೆ ಹಿಡ್ಕೊಂಡು ನಿಂತು ನಿಮ್ಮ ತೂಕ ಕಳೆದ್ರೆ ಸಾಕು. ಸಣ್ಣ ತುಂಡು ಮಾತ್ರ ಸಿಕ್ತಾ? ಒಂದೇ ದಪ್ಪದ ಉದ್ದ ಕಡ್ಡಿ ಮಾಡಿ, ನೀರು ತುಂಬಿದ ಕಿರಿದಾದ ಪೈಪಲ್ಲಿ ನೆಟ್ಟಗೆ ತೇಲಿಬಿಡಿ, ಅರ್ಧ ಮುಳುಗಿದ್ರೆ ಸಾಂದ್ರತೆ 500, ಮುಕ್ಕಾಲು ಮುಳುಗಿದ್ರೆ 750. ನೀರು ಹೀರ್ಕೊಳೋಕ್ ಮುಂಚೆ ಬೇಗ ಗುರುತು ಹಾಕ್ಕೊಳಿ.

ಗೆದ್ದಲು ಹಿಡೀದಿರೋಕೆ ಒತ್ತಡದಲ್ಲಿ ಕೆಮಿಕಲ್ ನೀರು ತುಂಬಿಸಿದ ಮರ ಹೊಸದಾಗಿ ಬಂದಿದ್ರೆ ಈ ಸಾಂದ್ರತೆ ಅಂಕಿ ಯಾವ್ದೂ ನಡೆಯಲ್ಲ, ಅದನ್ನ ತೂಗಲೇಬೇಕು. ಮೇಲೆ ಎತ್ತಿಸೋ ಕೆಲಸ ಆದ್ರೆ ಸರಾಸರಿ ಬಿಟ್ಟು, ತೂಗಿದ್ರಲ್ಲಿ ಅತಿ ಭಾರದ ಪೀಸನ್ನೇ ಲೆಕ್ಕಕ್ಕೆ ಹಿಡೀರಿ, ಕೆಳಗಡೆ ಜನ ನಿಂತಿರ್ತಾರೆ.