ಅಕ್ಕನಿಗೊಂದು ಹೈಕು ಬರೆದುಕೊಡಿ

ಹೈಕು ಜಪಾನಿನ ಪುಟ್ಟ ಕವಿತೆ. ಮೂರು ಸಾಲು. ಐದು, ಏಳು, ಐದು ಅಕ್ಷರ. ಇಷ್ಟು ಗೊತ್ತಾದ ಕೂಡಲೇ ಜನ ಬೆರಳು ಮಡಚಿ ಎಣಿಸಲು ಶುರು ಮಾಡುತ್ತಾರೆ. ಉಡುಗೊರೆಯ ಹೈಕು ಕೆಡುವುದೇ ಅಲ್ಲಿ. ಗೌರಿ ಹಬ್ಬಕ್ಕೆ ಅಕ್ಕನಿಗೆಂದು ಬರೆದ ಇಂಥವನ್ನು ಎಷ್ಟೋ ನೋಡಿದ್ದೇನೆ:

ಅಕ್ಕ ಎಂದರೆ
ಎರಡನೆಯ ತಾಯಿ
ಬಾಳಿನ ದೀಪ

ಲೆಕ್ಕ ಸರಿಯಿದೆ. ಆದರೆ ಇದನ್ನು ಯಾರ ಅಕ್ಕನಿಗಾದರೂ ಕೊಡಬಹುದು, ಅಲ್ವಾ?

1. ಮೊದಲು ಒಂದು ಘಟನೆ ಹುಡುಕಿ. ಇದಕ್ಕೆ ಒಂದು ವಾರವಾದರೂ ಬೇಕು. 'ಅಕ್ಕ ತುಂಬಾ ಒಳ್ಳೆಯವಳು' ಎಂಬುದನ್ನು ಪಕ್ಕಕ್ಕಿಡಿ. ಅವಳು ಏನು ಮಾಡಿದಳು? ಕೈಯಲ್ಲಿ ಏನಿತ್ತು? ಹೊರಗೆ ಬಿಸಿಲೋ, ಮಳೆಯೋ? ನೆನಪಾದದ್ದನ್ನು ಸುಮ್ನೆ ಮಾತಿನಂತೆ ಬರೆದುಕೊಳ್ಳಿ. ನಾನು ಬರೆದುಕೊಂಡದ್ದು ಇದು: 'ಶಾಲೆ ಶುರುವಾದ ವಾರ. ಕರೆದುಕೊಂಡು ಬರುವಾಗ ಮಳೆ. ಅಕ್ಕ ತಾನು ನೆನೆದು ನನ್ನ ಪುಸ್ತಕವನ್ನು ಸೆರಗಲ್ಲಿ ಸುತ್ತಿಕೊಂಡಳು. ಆ ಪ್ರೀತಿ ಮರೆಯಲಾರೆ.'

2. ಈಗ ಕಡಿಮೆ ಮಾಡಿ. ಮೊದಲು ಕೊನೆಯ ವಾಕ್ಯ ಹೋಗಲಿ. ಪ್ರೀತಿ, ಮಮತೆ, ತ್ಯಾಗ ಎಂಬ ಪದಗಳು ಹೈಕುವಿನಲ್ಲಿ ಬೇಡವೇ ಬೇಡ. ಆಮೇಲೆ ಕ್ರಿಯಾಪದಗಳನ್ನು ತೆಗೆದು ನೋಡಿ. 'ನೆನೆದು', 'ಸುತ್ತಿಕೊಂಡಳು' ಇಲ್ಲದೆಯೂ ಚಿತ್ರ ನಿಲ್ಲುತ್ತದೆ. ಜಪಾನಿನ ಸಂಪ್ರದಾಯದಲ್ಲಿ ಹೈಕುಗೆ ಕಾಲ ಹೇಳುವ ಒಂದು ಪದ ಬೇಕು. ಅದು ಕಿಗೊ. ನಮಗೆ ಹೊಂಗೆಯ ಚಿಗುರು, ಅವರೆಯ ಸೊಗಡು, ಮೊದಲ ಮಳೆ ಎಲ್ಲವೂ ಆಗುತ್ತವೆ. ಓದುವವರನ್ನು ಒಂದು ಕ್ಷಣ ತಡೆಯುವ ಪದ ಕಿರೆಜಿ. ಕನ್ನಡದಲ್ಲಿ ಅದರ ಜಾಗಕ್ಕೆ ಒಂದು ಗೆರೆ ಸಾಕು.

ಮೊದಲ ಮಳೆ—
ಅಕ್ಕನ ಸೆರಗಲ್ಲಿ
ನನ್ನ ಪುಸ್ತಕ

3. ಎಣಿಕೆ ಈಗ. ಒತ್ತಕ್ಷರ ಇದ್ದರೂ ಅಕ್ಷರ ಒಂದೇ. ಅಸಲಿಗೆ ಜಪಾನಿಯರು ಎಣಿಸುವ ಉಚ್ಚಾರದ ಘಟಕ 'ಒನ್' ನಮ್ಮ ಅಕ್ಷರಕ್ಕಿಂತ ಮಾತ್ರೆಗೆ ಹತ್ತಿರ. ಟೋಕಿಯೊ ಅವರ ಬಾಯಲ್ಲಿ 'ತೋಕ್ಯೋ', ಅಂದರೆ ನಾಲ್ಕು ಒನ್. ನಾವು ಲಘು, ಗುರು ಹಾಕಿದರೂ ನಾಲ್ಕೇ ಮಾತ್ರೆ. ಹಾಗಾಗಿ ಒಂದು ಅಕ್ಷರ ಆಚೀಚೆಯಾದರೆ ಕೊರಗಬೇಡಿ. ಲೆಕ್ಕ ತುಂಬಿಸಲು 'ಅಂದು', 'ತಾನೇ' ತುರುಕುವುದು ಅದಕ್ಕಿಂತ ದೊಡ್ಡ ತಪ್ಪು.

4. ಹಾಳೆ, ಪೆನ್ನು. ಜಪಾನಿನಲ್ಲಿ ಹೈಕು ಬರೆಯುವ ತಂಜಾಕು ಎಂಬ ಪಟ್ಟಿ ಸುಮಾರು 36 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ಅವರು ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ. ನಮಗೆ ಪೋಸ್ಟ್‌ಕಾರ್ಡ್ ಅಳತೆಯೇ ಸರಿ. ಹ್ಯಾಂಡ್‌ಮೇಡ್ ಕಾಗದದ ಮೇಲೆ ಇಂಕು ಹರಡುತ್ತದೆ, ತುಂಡಿನ ಮೇಲೆ ಮೊದಲು ಬರೆದು ನೋಡಿ. ಗ್ಲಿಟರ್ ಪೆನ್ನು ಕೊಳ್ಳಬೇಡಿ. ಮಿನುಗು ಕೈಗೆಲ್ಲ ಅಂಟುತ್ತದೆ, ಅಕ್ಷರ ಓದಲಾಗುವುದಿಲ್ಲ. ಟೈಪ್ ಮಾಡಿ ಪ್ರಿಂಟ್ ತೆಗೆಯುವುದೂ ಬೇಡ. ನಿಮ್ಮ ಅಕ್ಷರ ಸೊಟ್ಟಗಿದ್ದರೂ ಅಕ್ಕನಿಗೆ ಅದರ ಗುರುತಿದೆ.

5. ಹಿಂಬದಿಯಲ್ಲಿ ಊರು, ವರ್ಷ ಬರೆಯಿರಿ. ಅರ್ಥ ಬಿಡಿಸಿ ಬರೆಯಬೇಡಿ. ಬಾಗಿನದ ಮೊರದಲ್ಲಿ ಇಡುವುದಾದರೆ ಕವರಿನೊಳಗೆ ಹಾಕಿ, ಅರಿಶಿನ ಕುಂಕುಮದಿಂದ ಸ್ವಲ್ಪ ದೂರ ಇಡಿ. ಕಾಗದ ಬೇಗ ಬಣ್ಣ ಹಿಡಿಯುತ್ತದೆ.