ಬಿಪಿ ಆಮೇಲೆ, ಮೊದಲು ಉಸಿರು ಎಣಿಸಿ

ಉಡುಪಿಯಲ್ಲಿ ನಮ್ಮ ಮಾವನವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಇತ್ತು: ದಿನಕ್ಕೆ ಎರಡು ಸಲ ವೈಟಲ್ಸ್ ನೋಡಿ ಬರೆದಿಡಿ. ಬಿಪಿ ಮೆಷಿನ್ ಉಂಟಲ್ಲ, ಇನ್ನೇನು ಅಂದುಕೊಂಡೆ. ಆದರೆ ವೈಟಲ್ಸ್ ಅಂದರೆ ಬಿಪಿ ಮಾತ್ರ ಅಲ್ಲ. ಮೈಬಿಸಿ, ನಾಡಿ, ಉಸಿರಾಟ, ಬಿಪಿ, ಜೊತೆಗೆ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕ ನೋಡುವ ಆಕ್ಸಿಮೀಟರ್‌ನ ಅಂಕಿ, ಇಷ್ಟೂ ಸೇರುತ್ತದೆ. ಇದರಲ್ಲಿ ಎಲ್ಲರೂ ಬಿಟ್ಟುಬಿಡುವುದು ಉಸಿರಾಟವನ್ನು. ಅದಕ್ಕೆ ಮೆಷಿನ್ ಬೇಡ ನೋಡಿ, ಅದಕ್ಕೇ ಮರ್ಯಾದೆಯೂ ಇಲ್ಲ.

ಮೊದಲು ಐದು ನಿಮಿಷ ಸುಮ್ನೆ ಕೂರಿಸಿ. ಆಮೇಲೆ ನಾಡಿ ನೋಡಲು ಕೈ ಹಿಡಿಯಿರಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ನಿಮ್ಮ ಎರಡು ಮೂರು ಬೆರಳು ಮೆತ್ತಗೆ ಇಡಿ. ನಿಮ್ಮ ಹೆಬ್ಬೆರಳು ಮಾತ್ರ ಬೇಡ, ಅದರದ್ದೇ ನಾಡಿ ಬಡಿದು ಲೆಕ್ಕ ತಪ್ಪುತ್ತದೆ. ಬಡಿತ ಒಂದೇ ಸಮ ಇದ್ದರೆ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ತಾಳ ತಪ್ಪುತ್ತಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಿ, ಡಾಕ್ಟರಿಗೂ ಹೇಳಿ, ಯಾಕೆಂದರೆ ತಾಳ ತಪ್ಪಿದ ನಾಡಿಯಲ್ಲಿ ಮನೆಯ ಬಿಪಿ ಮೆಷಿನ್ ಕೊಡುವ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ದೊಡ್ಡವರಿಗೆ 60ರಿಂದ 100ರ ಒಳಗೆ ಸರಿ.

ಎಣಿಸಿ ಆಯಿತು ಅಂತ ಕೈ ಬಿಡಬೇಡಿ. ನಾಡಿ ನೋಡುತ್ತಿರುವ ಹಾಗೆಯೇ ಕೈ ಹಿಡಿದುಕೊಂಡು ಎದೆಯೋ ಹೊಟ್ಟೆಯೋ ಎಷ್ಟು ಸಲ ಏರುತ್ತದೆ ನೋಡಿ. ಒಂದು ನಿಮಿಷ ಪೂರ್ತಿ. 'ನಿಮ್ಮ ಉಸಿರು ಎಣಿಸುತ್ತೇನೆ' ಅಂದರೆ ಮುಗಿಯಿತು, ಯಾರೇ ಆಗಲಿ ಉಸಿರಾಡುವ ರೀತಿಯೇ ಬದಲಾಗುತ್ತದೆ. ದೊಡ್ಡವರಿಗೆ 12ರಿಂದ 20 ಸಾಮಾನ್ಯ. ಸುಮ್ನೆ ಕೂತಿದ್ದರೂ 25 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ಕೆಮ್ಮು, ಶೀತ ಇರುವ ಮಗುವಿಗೆ ಲೆಕ್ಕ ಬೇರೆ: 2ರಿಂದ 11 ತಿಂಗಳವರಿಗೆ 50, 1ರಿಂದ 5 ವರ್ಷದವರಿಗೆ 40, ಅಷ್ಟು ಮುಟ್ಟಿದರೆ ನ್ಯುಮೋನಿಯಾ ಇರಬಹುದು, ಕಾಯಬೇಡಿ. ಮೈಯೊಳಗೆ ಏನೋ ಕೆಡುತ್ತಿದ್ದರೆ ಎಷ್ಟೋ ಸಲ ಬಿಪಿ ಇಳಿಯುವ ಮೊದಲೇ ಉಸಿರು ಜೋರಾಗುತ್ತದೆ.

ಈಗ ಬಿಪಿ. ಒಮ್ಮೆ ಕ್ಲಿನಿಕ್ಕಿನ ಎರಡನೇ ಮಹಡಿಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಮಾವನವರಿಗೆ ಕೂತ ಕೂಡಲೇ ಪಟ್ಟಿ ಕಟ್ಟಿದರು, ಅದೂ ಅಂಗಿಯ ತೋಳಿನ ಮೇಲೆ. 168 ಬಂತು. ಮನೆಗೆ ಬಂದು ನಿಧಾನಕ್ಕೆ ನೋಡಿದರೆ 134! ಬಿಪಿ ನೋಡುವ ಅರ್ಧ ಗಂಟೆ ಮೊದಲು ಚಹಾ, ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬರಲಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ, ತೋಳು ಬರಿದಾಗಿರಲಿ, ಪಟ್ಟಿ ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಮೆಷಿನ್ ಓಡುವಾಗ ಮಾತು ಬೇಡ (ನಮ್ಮ ಮನೆಯಲ್ಲಿ ಅತ್ಯಂತ ಕಷ್ಟದ ನಿಯಮ ಇದೇ). ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಮೇಲಿನ ಅಂಕಿ ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಸಡಿಲವಾದಾಗಿನದು. ಮನೆಯಲ್ಲಿ ದಿನಾ 135/85 ದಾಟುತ್ತಿದ್ದರೆ ಅಂಕಿ ಬರೆದಿಟ್ಟ ಪುಸ್ತಕವನ್ನು ಡಾಕ್ಟರಿಗೆ ತೋರಿಸಿ. 180/120 ಬಂದು ಎದೆನೋವು, ಉಸಿರುಕಟ್ಟು, ಮಾತು ತೊದಲು, ಕೈಕಾಲು ಸೋಲು ಇದ್ದರೆ ಆ ಕ್ಷಣವೇ 108. ಏನೂ ತೊಂದರೆ ಕಾಣದಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ, ಆಗಲೂ ಅಷ್ಟೇ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ. ನೀವಾಗಿಯೇ ಹೆಚ್ಚಿಗೆ ಮಾತ್ರೆ ಕೊಡಬೇಡಿ.

ಜ್ವರ ನೋಡುವುದು ಸುಲಭ. ನಮ್ಮ ಸೆಕೆಗೆ ಕಂಕುಳು ಒದ್ದೆ ಇರುತ್ತದೆ, ಒರೆಸಿ ಥರ್ಮಾಮೀಟರ್ ಇಡಿ. ಬಾಯಲ್ಲಿ ಇಡುವುದಾದರೆ ಬಿಸಿ ಗಂಜಿ ಉಂಡು ಅರ್ಧ ಗಂಟೆ ಆಗಿರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರ. ವಯಸ್ಸಾದವರಿಗೆ ಸೋಂಕು ಜೋರಿದ್ದರೂ ಮೈ ಅಷ್ಟೊಂದು ಬಿಸಿಯಾಗದೆ ಇರಬಹುದು. ಆಕ್ಸಿಮೀಟರ್ 95ರ ಮೇಲೆ ಇರಲಿ. ಮದರಂಗಿ, ನೈಲ್ ಪಾಲಿಶ್, ತಣ್ಣಗಿನ ಬೆರಳು ಇದ್ದರೆ ಅಂಕಿ ತಪ್ಪಬಹುದು. ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ಎಷ್ಟು ಸಾಕು ಅಂತ ಅವರ ಡಾಕ್ಟರೇ ಹೇಳಬೇಕು.

ನಮ್ಮೂರಿನ ಮಳೆಗಾಲದಲ್ಲಿ ಇದೆಲ್ಲ ಸುಮ್ನೆ ಬರೆದಿಡುವ ಲೆಕ್ಕವಾಗಿ ಉಳಿಯುವುದಿಲ್ಲ. ಮಂಗಳೂರಿಗೆ ಮಲೇರಿಯಾ ಹೊಸದಲ್ಲ. ಚಳಿ, ಜ್ವರ, ಬೆವರು, ಆಮೇಲೆ ಏನೂ ಆಗದವರ ಹಾಗೆ ಓಡಾಟ. ಅದಕ್ಕೇ ಜ್ವರದ ಜೊತೆ ಗಂಟೆಯನ್ನೂ ಬರೆಯಿರಿ, ಜ್ವರ ಬಿಟ್ಟಿದ್ದರೂ ರಕ್ತ ಪರೀಕ್ಷೆ ತಪ್ಪಿಸಬೇಡಿ. ಡೆಂಗಿಯ ಮೋಸ ಬೇರೆ ಥರ. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ ಜ್ವರ ಇಳಿಯುತ್ತದೆ, ಮನೆಯವರು ಉಸ್ಸಪ್ಪಾ ಅನ್ನುತ್ತಾರೆ, ಅಪಾಯ ಶುರುವಾಗುವುದೂ ಅದೇ ಹೊತ್ತಿಗೆ. ಕೆಲವರಲ್ಲಿ ರಕ್ತನಾಳದಿಂದ ನೀರಿನಂಶ ಸೋರುತ್ತದೆ. ಆಗ ಮೇಲಿನ ಬಿಪಿಗೂ ಕೆಳಗಿನ ಬಿಪಿಗೂ ಇರುವ ಅಂತರ ಕುಗ್ಗುತ್ತದೆ. 120/80 ಅಂದರೆ ಅಂತರ 40. ಅದೇ 100/85 ಬಂತು ಅಂದರೆ 15. 'ನೂರು ಉಂಟಲ್ಲ' ಅಂತ ಕೂರಬೇಡಿ. ಅಂತರ 20 ಅಥವಾ ಕಡಿಮೆ, ನಾಡಿ ತೆಳ್ಳಗೆ ಓಡುತ್ತಿದೆ, ಕೈಕಾಲು ತಣ್ಣಗೆ, ಹೊಟ್ಟೆನೋವು, ಬಿಡದ ವಾಂತಿ, ಇದರಲ್ಲಿ ಯಾವುದು ಕಂಡರೂ ಕೂಡಲೇ ಹೊರಡಿ. ಪ್ಲೇಟ್‌ಲೆಟ್ ಎಷ್ಟು ಅಂತ ಕೇಳದ ನೆಂಟರಿಲ್ಲ, ನಾಡಿ ಎಷ್ಟು ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಒಂದು ನೋಟ್‌ಬುಕ್ ಸಾಕು. ತಾರೀಕು, ಗಂಟೆ, ಐದು ಅಂಕಿ, ಯಾವ ಮಾತ್ರೆ ಆಗಿದೆ. ದಿನಾ ಒಂದೇ ಹೊತ್ತಿಗೆ ನೋಡಿ. ಯಾವತ್ತೂ 72 ಇರುವವರ ನಾಡಿ ಇವತ್ತು 98 ಬಂದರೆ 60ರಿಂದ 100ರ ಲೆಕ್ಕದಲ್ಲಿ ಅದು ಸರಿಯೇ, ಆದರೆ ಅವರ ಮಟ್ಟಿಗೆ ಸರಿ ಅಲ್ಲ, ಅಲ್ವಾ?

ಅಂದ ಹಾಗೆ ಮಾವನವರಿಗೆ ಈಗ ನನ್ನ ಉಪಾಯ ಗೊತ್ತಾಗಿಬಿಟ್ಟಿದೆ. ಕೈ ಹಿಡಿದ ಕೂಡಲೇ ಪ್ರಾಣಾಯಾಮಕ್ಕೆ ಕೂತವರ ಹಾಗೆ ಉಸಿರು ಎಳೆಯುತ್ತಾರೆ. ಹಾಗಾಗಿ ಈಗೀಗ ಅವರು ಜಗಲಿಯಲ್ಲಿ ಪೇಪರ್ ಓದುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಎಣಿಸುತ್ತೇನೆ.